ದವಡೆಯ ತಂತಿ ಮತ್ತು ಒಂದು ರವಿವಾರ

ಶನಿವಾರ ಮಧ್ಯಾಹ್ನ, ನಾನು ಮಾಡಿ ತೋರಿಸಿದ ಪಾಠ ಮುಗಿದ ಮೇಲೆ, ಮುಖ್ಯಾಧ್ಯಾಪಕರು ನನಗೆ ಹೇಳಿದ ಮಾತು ಅಕ್ಷರಶಃ ಹೀಗಿತ್ತು: “ಪಾಠ ಛಲೋ ಆತು. ಸೋಮವಾರದಿಂದ ಬರ್ರಿ.” ರವಿವಾರ ಸಂಜೆ ಅವರ ಶಾಲೆಯ ಸಿಪಾಯಿ ತಂದುಕೊಟ್ಟ ಚೀಟಿಯಲ್ಲಿ ಬರೆದಿದ್ದು ಹೀಗಿತ್ತು: ‘ಸದ್ಯಕ್ಕೆ ತಮ್ಮ ಅವಶ್ಯಕತೆ ಇಲ್ಲ. ಬರುವ ಜೂನ್ ತಿಂಗಳಲ್ಲಿ ವಿಚಾರಿಸಬಹುದು.’ ಈ ಎರಡರ ನಡುವೆ ಯಾರೋ ಒಬ್ಬರು ಮುಖ್ಯಾಧ್ಯಾಪಕರ ಮನೆಯ ಮೆಟ್ಟಿಲು ಹತ್ತಿ ಇಳಿದಿದ್ದಾರೆ ಎಂಬುದು ಚೀಟಿ ಓದಿದ ಕ್ಷಣವೇ ನನಗೆ ಖಚಿತವಾಯಿತು. ಯಾರು ಎಂಬುದು ತಿಳಿಯಲು ಏಳು ತಿಂಗಳು ಬೇಕಾಯಿತು. ತಿಳಿದಾಗ ನನಗೆ ಬಾಯಿ ತೆರೆಯಲು ಬರುತ್ತಿರಲಿಲ್ಲ.

ಅವು ಅರವತ್ತರ ದಶಕದ ಮೊದಲ ವರ್ಷಗಳು. ಅಣ್ಣ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಫಿಟರ್ ಆಗಿದ್ದ. ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಕಡೆಯ ನಮ್ಮ ಊರನ್ನು ಬಿಟ್ಟು ಅವ್ವ ಮತ್ತು ನಾನು ಗಿರಣಿಯ ವಸತಿಯಾದ ಬಂಗೂರನಗರದ ಅವನ ಎರಡು ಕೋಣೆಯ ಮನೆಗೆ ಬಂದಿದ್ದೆವು. ವೈನಿ, ಅಂದರೆ ಅಣ್ಣನ ಹೆಂಡತಿ, ಸೇರಿ ನಾಲ್ಕು ಜನ. ಗಿರಣಿಯ ಭೋಂಗಾ ಕೂಗಿದಾಗ ಏಳುವುದು, ಬಿದಿರಿನ ಲಾರಿಗಳು ಹಾದು ಹೋದ ಮೇಲೆ ಅಂಗಳ ಗುಡಿಸುವುದು, ಗಾಳಿ ತಿರುಗಿ ಗಿರಣಿಯ ವಾಸನೆ ಬಂದರೆ ಕಿಟಕಿ ಮುಚ್ಚುವುದು, ಇಷ್ಟರಲ್ಲಿ ನಮ್ಮ ದಿನ ಕಳೆಯುತ್ತಿತ್ತು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಮುಗಿಸಿ, ಧಾರವಾಡದಲ್ಲಿ ಎರಡು ವರ್ಷ ಶಿಕ್ಷಕಿಯ ತರಬೇತಿ ಪಡೆದಿದ್ದೆ. ಹಳಿಯಾಳ ರಸ್ತೆಯಲ್ಲಿದ್ದ ಒಂದು ಪುಟ್ಟ ಖಾಸಗಿ ಶಾಲೆಯಲ್ಲಿ ಒಂದು ಜಾಗ ತೆರವಾಗಿತ್ತು. ಆ ಜಾಗ ನನಗೆ ಬೇಕಾಗಿತ್ತು. ಬೇರೆ ಏನೂ ಬೇಕಾಗಿರಲಿಲ್ಲ.

ನನ್ನ ಕೆಳದವಡೆ ಹನ್ನೆರಡನೆಯ ವಯಸ್ಸಿನಿಂದ ಮುಂದಕ್ಕೆ ಬೆಳೆಯತೊಡಗಿತ್ತು. ಅದು ನಿಂತಾಗ ಕೆಳಗಿನ ಹಲ್ಲಿನ ಸಾಲು ಮೇಲಿನ ಸಾಲಿಗಿಂತ ಕಿರುಬೆರಳಿನ ಅಗಲದಷ್ಟು ಮುಂದಿತ್ತು. ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಕಚ್ಚುವುದು ನನಗೆ ಸಾಧ್ಯವೇ ಇರಲಿಲ್ಲ. ಚೂರು ಮಾಡಿ ಪಕ್ಕದ ಹಲ್ಲುಗಳಿಗೆ ಸರಿಸಬೇಕಾಗಿತ್ತು. ತುಟಿಗಳು ತಾವಾಗಿ ಕೂಡುತ್ತಿರಲಿಲ್ಲವಾದ್ದರಿಂದ ಪ, ಬ, ಮ ಹೇಳುವಾಗ ಶ್ರಮವಾಗುತ್ತಿತ್ತು. ಸ, ಶ ಹೇಳುವಾಗ ಗಾಳಿ ಸೋರುತ್ತಿತ್ತು. ತರಬೇತಿಯ ಪ್ರಮಾಣಪತ್ರಕ್ಕೆಂದು ಹೋದಾಗ ಫೋಟೋದವನು “ಗದ್ದ ಸ್ವಲ್ಪ ಒಳಗ ತಗೋರಿ” ಎಂದಿದ್ದ, ಮೇಜಿನ ಖಾನೆಯನ್ನು ಒಳಗೆ ತಳ್ಳಲು ಹೇಳಿದ ಹಾಗೆ. ಎದುರುಮನೆಯ ಹೆಂಗಸು, ನಾವು ಕಾಕು ಎನ್ನುತ್ತಿದ್ದವಳು, ನಾನು ಅಲ್ಲೇ ಅಕ್ಕಿ ಆರಿಸುತ್ತ ಕುಳಿತಿದ್ದಾಗ, ಅವ್ವನನ್ನು ಕೇಳಿದ್ದಳು: “ಹುಟ್ಟಿದಾಗಿಂದ ಹಿಂಗ ಏನ?” ಅವ್ವ ಬಾಯಿ ತೆರೆಯುವ ಮೊದಲೇ ನಾನು ಉತ್ತರಿಸಿದೆ: “ಇಲ್ಲ ಕಾಕು, ನಿಮ್ಮ ಎದುರಿಗೆ ಬಂದ ಮ್ಯಾಲ.”

ಈ ಕಾಕು ಶಾಲೆಯ ಕಮಿಟಿಯ ಹಿರಿಯರೊಬ್ಬರಿಗೆ ದೂರದ ಸಂಬಂಧಿ. ಮುಖ್ಯಾಧ್ಯಾಪಕರ ಮನೆಯ ದಾರಿ ಅವಳಿಗೆ ಗೊತ್ತಿತ್ತು. ಹೀಗಾಗಿ ಚೀಟಿ ಬಂದ ದಿನ ನಾನು ಬಹಳ ಹುಡುಕಬೇಕಾಗಲಿಲ್ಲ. ಮರುದಿನದಿಂದ ಅವಳ ಹಿತ್ತಲಿನ ಕರಿಬೇವನ್ನು ಕೇಳಲು ಹೋಗಲಿಲ್ಲ. ಶುಕ್ರವಾರ ಅವಳು ಕುಂಕುಮದ ಬಟ್ಟಲು ಹಿಡಿದು ಬಂದಾಗ, ಕೈಗೆ ಹಿಟ್ಟು ಹತ್ತಿದೆ ಎಂದು ಹೇಳಿ ಒಳಗೇ ಉಳಿದೆ. ನನ್ನ ಕೈಗೆ ಹಿಟ್ಟು ಹತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಹಲ್ಲುನೋವಿಗೆಂದು ಅಣ್ಣ ನನ್ನನ್ನು ಹುಬ್ಬಳ್ಳಿಯ ದಂತವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದ. ಅವರು ನೋಯುವ ಹಲ್ಲನ್ನು ನೋಡಲೇ ಇಲ್ಲ. ದವಡೆಯನ್ನು ಬಹಳ ಹೊತ್ತು ನೋಡಿದರು. ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಂಥ ದವಡೆಯನ್ನು ಕೊಯ್ದು ಹಿಂದಕ್ಕೆ ಸರಿಸುವ ಶಸ್ತ್ರವೈದ್ಯರಿದ್ದಾರೆಂದು ಹೇಳಿ ಪತ್ರ ಬರೆದುಕೊಟ್ಟರು. ಪತ್ರ ಇಂಗ್ಲಿಷಿನಲ್ಲಿತ್ತು. ನನ್ನ ಬಗ್ಗೆ ನನಗೆ ಓದಲು ಬರದ ಭಾಷೆಯಲ್ಲಿ ಏನು ಬರೆದಿದ್ದಾರೆಂದು ತಿಳಿಯದೆ ಅದನ್ನು ಮುಂಬಯಿಯವರೆಗೆ ಒಯ್ಯುವುದು ನನಗೆ ಸರಿಯೆನಿಸಲಿಲ್ಲ. ಗಿರಣಿಯ ಗುಮಾಸ್ತರೊಬ್ಬರಿಂದ ಎರಡು ಸಲ ಓದಿಸಿದೆ. ಎರಡು ಸಲವೂ ಅವರು ಒಂದೇ ಅರ್ಥ ಹೇಳಿದ್ದರಿಂದ ನಂಬಿದೆ.

ಮನೆಯಲ್ಲಿ ಒಪ್ಪದವಳು ಅವ್ವ ಒಬ್ಬಳೇ.

“ದೇವರು ಕೊಟ್ಟ ಎಲುಬು ಕೊಯ್ಸೂದೇನು? ಅಕಿಗೇನ ಕಡಿಮಿ ಆಗೇತಿ?”

“ಗಿರಣ್ಯಾಗ ಶಾಫ್ಟ್ ಸೊಟ್ಟ ಆದ್ರ ಹಂಗ ಬಿಡ್ತಾರೇನ ಬೇ? ತಗದು ಸರಿ ಮಾಡ್ತಾರ.”

“ನನ್ನ ಮಗಳು ಶಾಫ್ಟ್ ಅಲ್ಲ.”

“ಅಲ್ಲ. ಶಾಫ್ಟ್ ಇಷ್ಟ ಹಟಾ ಮಾಡೂದಿಲ್ಲ” ಎಂದ ಅಣ್ಣ, ನನ್ನ ಕಡೆ ನೋಡಿ.

ಜೂನ್ ಬರುವುದರೊಳಗೆ ನನ್ನ ಬಾಯಿ ಸರಿಯಾಗಬೇಕು ಎಂಬುದಷ್ಟೇ ನನ್ನ ಲೆಕ್ಕ. ‘ಜೂನ್ ತಿಂಗಳಲ್ಲಿ ವಿಚಾರಿಸಬಹುದು’ ಎಂಬ ಚೀಟಿಯನ್ನು ನಾನು ಟ್ರಂಕಿನಲ್ಲಿ, ಪ್ರಮಾಣಪತ್ರದ ಪಕ್ಕದಲ್ಲಿ ಇಟ್ಟಿದ್ದೆ. ಬರೆದುಕೊಟ್ಟದ್ದನ್ನು ಅವರು ಇಲ್ಲವೆನ್ನುವಂತಿರಲಿಲ್ಲ.

ಮಾಘಮಾಸದಲ್ಲಿ ಅಣ್ಣ, ಅವ್ವ ಮತ್ತು ನಾನು ದಾಂಡೇಲಿಯಿಂದ ಕಟ್ಟಿಗೆ ಒಯ್ಯುವ ರೈಲಿಗೆ ಜೋಡಿಸಿದ ಡಬ್ಬಿಯಲ್ಲಿ ಕುಳಿತು ಅಳ್ನಾವರಕ್ಕೆ ಬಂದು, ಅಲ್ಲಿಂದ ಪುಣೆಗೆ, ಪುಣೆಯಿಂದ ಮುಂಬಯಿಗೆ ಹೋದೆವು. ಆಸ್ಪತ್ರೆಯಲ್ಲಿ ಮೊದಲು ಶಸ್ತ್ರಕ್ರಿಯೆಯಲ್ಲ, ಅಳತೆಗಳು. ತಗಡಿನ ತಟ್ಟೆಯಲ್ಲಿ ಮೆತ್ತನೆಯ ಲೇಪ ತುಂಬಿ ನನ್ನ ಹಲ್ಲುಗಳ ಮೇಲೆ ಒತ್ತಿದರು. ಉಸಿರು ಕಟ್ಟಿತು. ಆ ಅಚ್ಚಿನಿಂದ ಬಿಳಿಯ ಪ್ಲಾಸ್ಟರಿನಲ್ಲಿ ನನ್ನ ಮೇಲ್ದವಡೆ, ಕೆಳದವಡೆ ಎರಡನ್ನೂ ಎರಕ ಹೊಯ್ದರು. ಚೌಕದ ಗೆರೆ ಎಳೆದ ಪರದೆಯ ಮುಂದೆ ನಿಲ್ಲಿಸಿ ಎಡದಿಂದ, ಬಲದಿಂದ, ಎದುರಿನಿಂದ ಫೋಟೋ ತೆಗೆದರು. ಯಾರಿಗೆ ತೋರಿಸುತ್ತೀರಿ ಎಂದು ಕೇಳಿದೆ. ಶಸ್ತ್ರವೈದ್ಯರು ಮರಾಠಿಯಲ್ಲಿ, ತಮಗೆ ಮಾತ್ರ ಎಂದರು. ಅವರ ಹಿಂದೆ ಏಳು ಜನ ಕಲಿಯುವ ಹುಡುಗರು ನಿಂತಿದ್ದರು. ನಾನು ಎಣಿಸಿದ್ದೆ.

ಮರುದಿನ ವೈದ್ಯರು ಆ ಪ್ಲಾಸ್ಟರಿನ ಕೆಳದವಡೆಯನ್ನು ನಮ್ಮ ಕಣ್ಣೆದುರಿಗೇ ಸಣ್ಣ ಗರಗಸದಿಂದ ಕೊಯ್ದರು. ಎರಡೂ ಪಕ್ಕದಲ್ಲಿ ಒಂದೊಂದು ಹಲ್ಲಿನ ಅಗಲದ ತುಂಡು ತೆಗೆದು, ಮುಂದಿನ ಭಾಗವನ್ನು ಹಿಂದಕ್ಕೆ ಸರಿಸಿ ಮೇಲ್ದವಡೆಗೆ ಕೂಡಿಸಿದರು. ಹಲ್ಲುಗಳು ಒಂದರ ಮೇಲೊಂದು ಕುಳಿತವು. ಇಷ್ಟೇ ಕೆಲಸ ಎಂದರು. ಅಣ್ಣನ ಮುಖ ಅರಳಿತು. ಎಲುಬು ಕೂಡುವ ತನಕ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿಯುತ್ತಾರೆ ಎಂದು ಕೇಳಿದಾಗ, ತಂತಿಯನ್ನು ಯಾವ ಕಡೆ ತಿರುವುತ್ತೀರಿ ಎಂದು ವಿಚಾರಿಸಿದ. ಎಲ್ಲವನ್ನೂ ಬಲಕ್ಕೆ, ಬಿಚ್ಚುವವನಿಗೆ ಗೊಂದಲವಾಗಬಾರದು ಎಂದರು ವೈದ್ಯರು. “ನಮ್ಮಲ್ಲೂ ಹಂಗ” ಎಂದು ಅಣ್ಣ ನನಗೆ ಹೇಳಿದ, ಅಷ್ಟರಿಂದ ಎಲ್ಲವೂ ಇತ್ಯರ್ಥವಾಯಿತು ಎಂಬಂತೆ. ಇಬ್ಬರೂ ನನ್ನ ದವಡೆಯ ಮೇಲೆ ಬಗ್ಗಿ ಮಾತಾಡುತ್ತಿದ್ದ ರೀತಿಯನ್ನು ನಾನು ಮೆಚ್ಚಲಿಲ್ಲ.

ಶಸ್ತ್ರಕ್ರಿಯೆಗೆ ಮೊದಲು ಎರಡು ಗಟ್ಟಿ ದವಡೆಹಲ್ಲುಗಳನ್ನು ಕಿತ್ತರು. ಒಂದಕ್ಕೂ ಹುಳುಕು ಇರಲಿಲ್ಲ. ಅವನ್ನು ನನಗೆ ಕೊಡಬೇಕೆಂದು ಹಟ ಹಿಡಿದೆ. ಹತ್ತಿಯಲ್ಲಿ ಸುತ್ತಿ ಕೊಟ್ಟರು. ಪ್ಲಾಸ್ಟರಿನ ಎರಕವನ್ನೂ ಕೇಳಿದೆ. ಅದು ಆಸ್ಪತ್ರೆಯದು ಎಂದರು. ನನ್ನ ದವಡೆ ಆಸ್ಪತ್ರೆಯದು ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ ದಾದಿ ನಕ್ಕಳು. ಊರಿಗೆ ಬಂದ ಮೇಲೆ ಎರಡು ಪತ್ರ ಬರೆದೆ. ಉತ್ತರವಿಲ್ಲ. ಆ ಹಳೆಯ ದವಡೆ ಇಂದಿಗೂ ಯಾವುದೋ ಕಪಾಟಿನಲ್ಲಿ, ಒಂದು ನಂಬರು ಬರೆಸಿಕೊಂಡು ಕುಳಿತಿರಬೇಕು. ಯಾರು ಯಾರು ತೆಗೆದು ನೋಡಿದರೋ!

ಶಸ್ತ್ರಕ್ರಿಯೆಯ ಬಗ್ಗೆ ನನಗೆ ತಿಳಿದದ್ದು ಎರಡೇ: ಮೂಗಿನ ಮೇಲೆ ಇಳಿದ ಮುಖವಾಡದ ಸಿಹಿ ವಾಸನೆ, ಎಚ್ಚರವಾದಾಗ ಬಾಯಿ ಇಲ್ಲದಿರುವುದು. ಬಾಯಿ ಇತ್ತು. ಆದರೆ ಅದು ಒಳಗಿನಿಂದ ಬೀಗ ಹಾಕಿದ ಬಾಗಿಲಾಗಿತ್ತು. ಮುಖ ಗಡಿಗೆಯಂತೆ ಊದಿತ್ತು. ಗದ್ದದ ಎರಡೂ ಪಕ್ಕದ ಕೆಳಗೆ ಹೊಲಿಗೆಗಳಿದ್ದವು. ಅಣ್ಣ ತನ್ನ ರಕ್ತ ಕೊಟ್ಟು ಬಂದು ಪಕ್ಕದಲ್ಲಿ ಕುಳಿತಿದ್ದ. ಅವ್ವ ನನ್ನ ಪಾದ ಹಿಡಿದುಕೊಂಡಿದ್ದಳು. ವಾಂತಿಯಾದರೆ ಉಸಿರುಗಟ್ಟಬಾರದೆಂದು ತಂತಿ ಕತ್ತರಿಸುವ ಪಕ್ಕಡವೊಂದನ್ನು ಮಂಚಕ್ಕೆ ತೂಗುಹಾಕಿದ್ದರು. ಯಾವ ನಾಲ್ಕು ತಂತಿ ಕತ್ತರಿಸಿದರೆ ದವಡೆ ಬಿಚ್ಚುತ್ತದೆ ಎಂದು ಅಣ್ಣನಿಗೆ ತೋರಿಸಿಕೊಟ್ಟರು. ಆ ಒಂದೂವರೆ ತಿಂಗಳು, ಊರಿಗೆ ತಂದ ಮೇಲೂ, ಪಕ್ಕಡ ನನ್ನ ಕಣ್ಣಿಗೆ ಬೀಳುವ ಜಾಗದಲ್ಲಿಯೇ ಇತ್ತು. ಅದು ಅಲ್ಲಿಂದ ಕದಲಿದರೆ ನಾನು ಸ್ಲೇಟನ್ನು ನೆಲಕ್ಕೆ ಕುಟ್ಟುತ್ತಿದ್ದೆ.

ಸ್ಲೇಟು ನನ್ನ ತರಬೇತಿಯ ಕಾಲದ್ದು. ಹೇಳಬೇಕಾದದ್ದನ್ನೆಲ್ಲ ಬಳಪದಿಂದ ಬರೆಯುತ್ತಿದ್ದೆ. ಅಣ್ಣ ಓದುತ್ತಿದ್ದ, ಊರಿಗೆ ಬಂದ ಮೇಲೆ ವೈನಿಯೂ ಓದುತ್ತಿದ್ದಳು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳಿಗೆ ಹೇಳಬೇಕಾದದ್ದನ್ನು ಅವರಿಬ್ಬರಲ್ಲಿ ಒಬ್ಬರು ಓದಿ ಹೇಳಬೇಕಾಗಿತ್ತು.

ಆರು ವಾರ ಮುಗಿದ ಮೇಲೆ ತಂತಿ ತೆಗೆಸಲು ಮರಳಿ ಬರಬೇಕೆಂದು ಹೇಳಿ, ಹೊಲಿಗೆ ಬಿಚ್ಚಿ ಕಳಿಸಿದರು. ಮುಖಕ್ಕೆ ಬಿಳಿಯ ಬಟ್ಟೆ ಸುತ್ತಿಕೊಂಡು ನಾನು ದಾಂಡೇಲಿಯ ಸ್ಟೇಶನ್ನಿನಲ್ಲಿ ಇಳಿದಾಗ ನಮ್ಮ ಓಣಿಯ ಹೆಂಗಸೊಬ್ಬಳು ಎದುರಾದಳು. “ಯವ್ವಾ, ಮಗಳಿಗೆ ಏನಾತ?” ಎಂದಳು. ಅವ್ವ ರೆಪ್ಪೆ ಸಹ ಬಡಿಯದೆ ಹೇಳಿದಳು:

“ದ್ಯಾಮವ್ವಗ ಹರಕಿ ಹೊತ್ತಾಳ. ಒಂದೂವರಿ ತಿಂಗಳ ಮಾತಿಲ್ಲ, ಊಟ ಇಲ್ಲ. ಬರೇ ಹಾಲು, ನೀರು.”

“ಮುಖಕ್ಕ ಅರಿವಿ ಯಾಕ?”

“ಹಂಗ ಆಗೇತಿ ಅಪ್ಪಣಿ.”

ಮಗಳ ಎಲುಬು ಕೊಯ್ಸಿದರು ಎಂಬ ಮಾತು ಓಣಿಯಲ್ಲಿ ಹಬ್ಬಬಾರದು ಎಂಬುದು ಅವ್ವನ ಆಲೋಚನೆ. ಆದರೆ ಹಬ್ಬಿದ್ದು ಇನ್ನೊಂದು. ಮಂಗಳವಾರ ಮುಂಜಾನೆ ಇಬ್ಬರು ಹೆಂಗಸರು ಕಾಯಿ, ಖಣ, ಅಕ್ಕಿ ತೆಗೆದುಕೊಂಡು ನನ್ನ ಉಡಿ ತುಂಬಲು ಬಂದರು. ಶುಕ್ರವಾರ ಆರು ಜನ. ಮುಂದಿನ ಮಂಗಳವಾರ ನಾನು ಗುರುತಿಸದ ಮುಖಗಳು. ಜೋಯಿಡಾ ಕಡೆಯಿಂದ ಬಿದಿರಿನ ಕೆಲಸಕ್ಕೆ ಬಂದವರ ಮನೆಯ ಹೆಂಗಸೊಬ್ಬಳು ನನ್ನ ಎದುರು ಕುಳಿತು ಕೊಂಕಣಿಯಲ್ಲಿ ಬಹಳ ಹೊತ್ತು ಏನೋ ಬೇಡಿಕೊಂಡು ಸಮಾಧಾನದಿಂದ ಎದ್ದು ಹೋದಳು. ನನಗೆ ಒಂದು ಮಾತೂ ತಿಳಿಯಲಿಲ್ಲ. ಇನ್ನೊಬ್ಬಳು, ಗಂಡನ ಪಾಳಿ ಬದಲಾಗುತ್ತದೋ ಇಲ್ಲವೋ ಎಂದು ಕೇಳಿದಳು. ಆ ಕ್ಷಣಕ್ಕೆ ತಂತಿಯ ತುದಿ ಒಳಗೆನ್ನೆಗೆ ಚುಚ್ಚಿ ನನ್ನ ಹುಬ್ಬು ಗಂಟಾಯಿತು. “ಆಗೂದಿಲ್ಲೇನವ್ವಾ?” ಎಂದು ಅಳುತ್ತಾ ಹೋದಳು.

ನಾನು ಸ್ಲೇಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದೆ: ‘ಇದು ಮೋಸ. ಇಂದೇ ನಿಲ್ಲಿಸಿರಿ.’ ವೈನಿ ಅದನ್ನು ಓದಿ, ಸೆರಗು ಬಾಯಿಗೆ ಒತ್ತಿ ಒಲೆಯ ಕಡೆ ತಿರುಗಿದಳು. ಅಣ್ಣ ಹೇಳಿದ:

“ಯಾಕ ನಿಲ್ಲಸ್ಬೇಕ ತಂಗೀ? ನೀ ಬಂದ ಮ್ಯಾಲ ಮನ್ಯಾಗ ದಿನಾ ಕಾಯಿಚಟ್ನಿ. ನಿನಗ ತಿನ್ನಾಕ ಬರೂದಿಲ್ಲ, ಆ ಮಾತ ಬ್ಯಾರೆ.”

ನಗು ತಡೆಯಲಾಗಲಿಲ್ಲ. ನಕ್ಕರೆ ತಂತಿ ಜಗ್ಗುತ್ತದೆ. ನೋವಿಗೆ ಕಣ್ಣಲ್ಲಿ ನೀರು ಸುರಿಯಿತು. ಬಾಗಿಲಲ್ಲಿ ನಿಂತಿದ್ದ ಹೆಂಗಸು, “ನೋಡ್ರೇ, ಕಣ್ಣಾಗ ನೀರ ಬಂತು ದೇವಿಗೆ!” ಎಂದು ಕೈ ಮುಗಿದಳು.

ಈ ಗದ್ದಲದ ನಡುವೆಯೂ ನಾನು ಮೈಮರೆಯಲಿಲ್ಲ. ಕೊನೆಯ ಹಲ್ಲಿನ ಹಿಂದಿನ ಸಂದಿಯಿಂದ ರಬ್ಬರು ನಳಿಗೆ ತೂರಿಸಿ ಹಾಲು, ಹೆಸರುಬೇಳೆಯ ಕಟ್ಟು, ಜೋಳದ ಅಂಬಲಿ ಕುಡಿಯಬೇಕಾಗಿತ್ತು. ಊರಿಗೆ ಬಂದ ಮೊದಲ ವಾರ ಹಾಲು ತೆಳ್ಳಗೆ ಕಂಡದ್ದರಿಂದ ವೈನಿ ನೀರು ಬೆರೆಸುತ್ತಿರಬಹುದೆಂದು ಅನುಮಾನಪಟ್ಟೆ. ನೋಡಿದರೆ, ನಳಿಗೆಗೆ ಕೆನೆ ಕಟ್ಟಿಕೊಳ್ಳುತ್ತದೆ ಎಂದು ಅವ್ವನೇ ಕೆನೆ ತೆಗೆಯುತ್ತಿದ್ದಳು. ಅಂಬಲಿಯನ್ನು ಅವ್ವ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ; ತೆಳ್ಳನೆಯ ಬಟ್ಟೆಯಲ್ಲಿ ಎರಡು ಸಲ ಸೋಸುತ್ತಿದ್ದಳು, ಒಂದು ನುಚ್ಚು ಸಿಕ್ಕಿಕೊಂಡರೂ ನನಗೆ ಉಗುಳಲು ಬರುವುದಿಲ್ಲವೆಂದು.

ತಂತಿ ಬಿಗಿದ ನಾಲ್ಕನೆಯ ವಾರ, ಒಂದು ಮಧ್ಯಾಹ್ನ, ಎದುರುಮನೆಯ ಕಾಕು ಬಂದಳು. ವೈನಿ ನಲ್ಲಿಗೆ ಹೋಗಿದ್ದಳು, ಅವ್ವ ಅಂಗಡಿಗೆ. ಕಾಕು ಕಾಯಿ ತಂದಿರಲಿಲ್ಲ. ಬಾಗಿಲಿನತ್ತ ಒಮ್ಮೆ ನೋಡಿ, ನನ್ನ ಎದುರಿಗೆ ನೆಲದ ಮೇಲೆ ಕುಳಿತಳು.

“ನನ್ನ ಮ್ಯಾಲ ನಿನಗ ಸಿಟ್ಟೈತಿ. ಕರಿಬೇವಿಗೆ ಬರೂದ ಬಿಟ್ಟಿ. ಕುಂಕುಮ ಹಚ್ಚಿಸಿಕೊಳ್ಳೂದ ಬಿಟ್ಟಿ. ನಾ ಕುರುಡಿ ಅಲ್ಲ ತಂಗೀ.”

ನಾನು ಸ್ಲೇಟಿನತ್ತ ಕೈ ಚಾಚಿದೆ. ಅವಳು ಅದಕ್ಕೆ ಕಾಯಲಿಲ್ಲ.

“ಹರಕಿ ಹೊತ್ತ ಕುಂತಾಕಿ ಮುಂದ ಸುಳ್ಳ ಆಡಬಾರದಂತ. ಅದಕ್ಕ ಇವತ್ತ ಬಂದೇನಿ. ಹೆಡ್ ಮಾಸ್ತರ ಮನಿಗೆ ಆ ರವಿವಾರ ಹೋಗಿದ್ದು ಖರೆ. ಆದರ ಕರಕೊಂಡ ಹೋದಾಕಿ ನಿಮ್ಮವ್ವ. ನನಗ ದಾರಿ ತೋರಸು ಅಂದ್ಲು, ತೋರಸಿದೆ. ಮಾತಾಡಿದಾಕಿ ಅಕಿ. ನಾ ಬಾಗಲದಾಗ ನಿಂತಿದ್ದೆ. ‘ನನ್ನ ಮಗಳನ್ನ ಸಾಲಿಗೆ ತಗೋಬ್ಯಾಡ್ರಿ’ ಅಂತ ಕೈ ಮುಗದ್ಲು. ನಿನಗ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ತಗೊಂಡ್ಲು. ಆಣಿ ಮುರದೇನಿ. ಅದ್ರ ಪಾಪ ನನಗ ತಟ್ಟದಂಗ ನೋಡಕೋ.”

ಎದ್ದು ಹೋದಳು. ಓಣಿಯವರಿಗೆ ಅವ್ವ ಹೇಳಿದ ಸುಳ್ಳೇ ಈ ಮಾತನ್ನು ನನ್ನ ಮನೆಯೊಳಗೆ ತಂದು ಇಳಿಸಿತ್ತು.

ಮೊದಲು ನಾನು ಕಾಕುವನ್ನು ನಂಬಲಿಲ್ಲ. ತಾನು ಸಿಕ್ಕಿಬಿದ್ದವಳು ಇನ್ನೊಬ್ಬರನ್ನು ತೋರಿಸುವುದು ಹೊಸದೇನಲ್ಲ. ಆ ರವಿವಾರವನ್ನು ಮುಂಜಾನೆಯಿಂದ ಒಂದೊಂದಾಗಿ ನೆನಪು ಮಾಡಿಕೊಂಡೆ. ಅವ್ವ ಸಂತೆಗೆ ಹೋಗುತ್ತೇನೆಂದು ಹೊರಟಿದ್ದಳು. ಎರಡು ತಾಸು ಬಿಟ್ಟು ಬಂದಿದ್ದಳು. ಚೀಲದಲ್ಲಿ ಒಂದು ಸಿವುಡು ಮೆಂತೆ ಇತ್ತು, ಅದೂ ಬಾಡಿದ್ದು. ಮತ್ತು ಅವಳು ಉಟ್ಟಿದ್ದು ಇಳಕಲ್ ಸೀರೆ. ಮದುವೆ ಮುಂಜಿಗಲ್ಲದೆ ಟ್ರಂಕಿನಿಂದ ಹೊರಗೆ ಬರದ ಸೀರೆ. ಸಂತೆಗೆ ಯಾರೂ ಇಳಕಲ್ ಸೀರೆ ಉಟ್ಟು ಹೋಗುವುದಿಲ್ಲ. ಅದನ್ನು ನಾನು ಆ ದಿನವೇ ಕಂಡಿದ್ದೆ; ಕಂಡದ್ದನ್ನು ಮರೆತಿರಲೂ ಇಲ್ಲ. ಅನುಮಾನವೆಲ್ಲವನ್ನೂ ರಸ್ತೆಯ ಆಚೆಯ ಮನೆಗೆ ಕಳಿಸಿ, ಈ ಕಡೆಯ ಬಾಗಿಲನ್ನು ತೆರೆದಿಟ್ಟಿದ್ದೆ.

ಅವ್ವ ಅಂಗಡಿಯಿಂದ ಬಂದಳು. ಸ್ಲೇಟು ಎತ್ತಿಕೊಂಡು ಬರೆದೆ: ‘ಹೆಡ್ ಮಾಸ್ತರರಿಗೆ ನೀನು ಏಕೆ ಹಾಗೆ ಹೇಳಿದೆ?’ ಬರೆದು ಅವಳ ಮುಖದ ಮುಂದೆ ಹಿಡಿದೆ. ವೈನಿ ಇನ್ನೂ ನಲ್ಲಿಯಿಂದ ಬಂದಿರಲಿಲ್ಲ. ಬಂದಿದ್ದರೂ ಇದನ್ನು ಅವಳಿಂದ ಓದಿಸುವುದು ನನಗೆ ಬೇಕಾಗಿರಲಿಲ್ಲ. ಅವ್ವ ಅಕ್ಷರಗಳನ್ನು ಎಡದಿಂದ ಬಲಕ್ಕೆ, ಬಹಳ ಗೌರವದಿಂದ ನೋಡಿದಳು.

“ಏನ ಬರದಿ? ಹಾಲ ಬೇಕೇನ?”

ತಲೆ ಅಲ್ಲಾಡಿಸಿದೆ.

“ಅಂಬಲಿ?”

ನಾನು ಸ್ಲೇಟನ್ನು ಇನ್ನೂ ಹತ್ತಿರ ಹಿಡಿದೆ. ಅವಳು ನನ್ನ ಹಣೆ ಮುಟ್ಟಿ ಜ್ವರವಿದೆಯೇ ನೋಡಿದಳು. ನಂತರ ಹೋಗಿ ಹಾಲು ಬಿಸಿ ಮಾಡಿ, ಕೆನೆ ತೆಗೆದು ತಂದಳು. ನಾನು ಸೆರಗಿನಿಂದ ಸ್ಲೇಟು ಒರೆಸಿ ಹಾಲು ಕುಡಿದೆ.

ಉಳಿದ ಎರಡು ವಾರ ಅವಳನ್ನು ನೋಡುತ್ತ ಕುಳಿತೆ. ಅಂಬಲಿ ಸೋಸುವ ಕೈಯನ್ನು ನೋಡಿದೆ. ಶಸ್ತ್ರಕ್ರಿಯೆ ಬೇಡವೆಂದು ಅವಳು ಆಡಿದ ಪ್ರತಿಯೊಂದು ಮಾತನ್ನು ಹೊಸದಾಗಿ ತೂಗಿದೆ. ನಾನು ಮನೆಯಲ್ಲಿಯೇ ಉಳಿಯಲಿ ಎಂದು ಬಯಸಿದಳೇ? ನನ್ನ ಮುಖ ಹೊರಗೆ ಕಾಣುವುದು ಅವಳಿಗೆ ಅವಮಾನವೇ? ಉತ್ತರ ಅವಳ ಬಾಯಲ್ಲಿತ್ತು, ಪ್ರಶ್ನೆ ನನ್ನ ಹಲ್ಲುಗಳ ಹಿಂದಿತ್ತು.

ಮುಂಬಯಿಯಲ್ಲಿ ತಂತಿ ಕತ್ತರಿಸಿದರು. ಒಂದೊಂದು ತುಂಡನ್ನೂ ತಟ್ಟೆಗೆ ಹಾಕುವಾಗ ಟಿಣ್ ಎಂದಿತು. ದವಡೆ ಬಿಟ್ಟಿತು, ಆದರೆ ತೆರೆದದ್ದು ಒಂದು ಬೆರಳಿನಷ್ಟೇ, ಸ್ನಾಯುಗಳು ಮರಗಟ್ಟಿದ್ದವು. ಕನ್ನಡಿ ಕೊಟ್ಟರು. ಅದರಲ್ಲಿದ್ದವಳನ್ನು ನಾನು ಕೂಡಲೇ ನಂಬಲಿಲ್ಲ. ಗದ್ದ ಒಳಗೆ ಹೋಗಿತ್ತು. ತುಟಿಗಳು ನಾನು ಹೇಳದೆಯೇ ಕೂಡಿದ್ದವು. ಕೆಳತುಟಿಯ ಎಡಭಾಗಕ್ಕೆ ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಸ್ಪರ್ಶ ಮರಳಿ ಬರುತ್ತದೆ ಎಂದರು. ಬರಲಿಲ್ಲ. ಇಂದಿಗೂ ಊಟದ ನಡುವೆ ಯಾರಾದರೂ ನನ್ನ ತುಟಿಯನ್ನು ನೋಡಿದರೆ, ಅನ್ನದ ಅಗುಳು ಅಂಟಿದೆಯೋ ಏನೋ ಎಂದು ಸೆರಗಿನಿಂದ ಒರೆಸಿಕೊಳ್ಳುತ್ತೇನೆ. ಅನೇಕ ಸಲ ಅಲ್ಲಿ ಏನೂ ಇರುವುದಿಲ್ಲ.

ಅಳ್ನಾವರದಲ್ಲಿ ದಾಂಡೇಲಿಯ ಗಾಡಿಗಾಗಿ ಕಾಯಬೇಕಾಗಿತ್ತು. ಅಣ್ಣ ಚಹಾ ತರಲು ಹೋದ. ಎದುರಿನ ಹಳಿಯ ಮೇಲೆ ಸಾಗುವಾನಿಯ ದಿಮ್ಮಿ ಹೇರಿದ ಡಬ್ಬಿಗಳು ನಿಂತಿದ್ದವು. ನಾನು ಬಾಯಿ ತೆರೆದೆ.

“ಯವ್ವಾ, ಆ ರವಿವಾರ ಇಳಕಲ್ ಸೀರಿ ಉಟಕೊಂಡ ಎಲ್ಲಿ ಹೋಗಿದ್ದಿ?”

ಅವಳು ದಿಮ್ಮಿಗಳ ಕಡೆ ಮುಖ ತಿರುಗಿಸಿದಳು. “ಸಂತಿಗೆ.”

“ಇಳಕಲ್ ಸೀರಿ ಉಟಕೊಂಡು?”

“ಅಕಿ ಹೇಳಿದ್ಲೇನ?”

“ಯಾರ ಹೇಳಿದ್ರೇನ?”

“ಹೂಂ. ಹೋಗಿದ್ದೆ. ನಾನ ಹೇಳೇನಿ, ತಗೋಬ್ಯಾಡ್ರಿ ಅಂತ.” ನಂತರ ಅವಳ ದನಿ ಏರಿತು. “ಶನಿವಾರ ಮಳಿ ಬಂತು. ನೀ ಛತ್ರಿ ಬಿಟ್ಟ ಹೋಗಿದ್ದಿ. ತಗೊಂಡ ಬಂದೆ. ಕಿಡಕಿ ಹೊರಗ ನಿಂತೆ. ನೀ ಬೋರ್ಡಿನ ಕಡೆ ಮುಖಾ ಮಾಡಿ ಬರ್ಯಾಕತ್ತಿದ್ದಿ. ಹಿಂದ ಹುಡುಗೂರು ಎಲ್ಲಾ ಗದ್ದಾ ಮುಂದ ಮಾಡಿ ಕುಂತಿದ್ವು. ಒಂದಲ್ಲ ಎರಡಲ್ಲ, ಇಡೀ ವರ್ಗ. ನೀ ತಿರುಗಿದ್ರ ಸುಮ್ಮನ. ಮತ್ತ ನೀ ಆ ಕಡೆ ಆದ್ರ ಮತ್ತ ಹಂಗ. ಹೆಡ್ ಮಾಸ್ತರ ಬಾಜೂಕ ಕುರ್ಚಿಮ್ಯಾಲ ಕುಂತಿದ್ದ. ಅಂವನೂ ನಗಾಕತ್ತಿದ್ದ. ದಿನಾ ಹಂಗ ಮಾಡಿದ್ರ ನೀ ಎಷ್ಟ ದಿನಾ ತಾಳ್ತಿದ್ದಿ?”

“ನನ್ನ ಕೇಳಬೇಕಿತ್ತು.”

“ಕೇಳಿದ್ರ ನೀ ಬಿಡ್ತಿದ್ದೇನ?”

“ಇಲ್ಲ.”

“ಅದಕ್ಕ ಕೇಳಲಿಲ್ಲ.”

ಅಣ್ಣ ಮೂರು ಕಪ್ಪು ಚಹಾ ಹಿಡಿದು ಬಂದ. ನಮ್ಮಿಬ್ಬರ ಮುಖ ನೋಡಿ, ಕಪ್ಪುಗಳನ್ನು ನಮ್ಮ ನಡುವೆ ಇಟ್ಟ. ಚಹಾ ಕುಡಿಯುವಾಗ ನನ್ನ ತುಟಿಯ ಎಡಭಾಗದಿಂದ ಸೋರುತ್ತಿತ್ತು. ಅವ್ವ ತನ್ನ ಸೆರಗಿನಿಂದ ಒರೆಸಲು ಬಂದಳು. ನಾನು ಅವಳ ಕೈ ಸರಿಸಿ ನನ್ನ ಸೆರಗಿನಿಂದ ಒರೆಸಿಕೊಂಡೆ.

ಅವಳು ಹೇಳಿದ್ದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ. ನನ್ನ ಜಾಗದ ಬಗ್ಗೆ ನನ್ನ ಬೆನ್ನ ಹಿಂದೆ ಮಾತಾಡುವ ಅಧಿಕಾರ ಹೆತ್ತವಳಿಗೂ ಇಲ್ಲ. ಆದರೆ ಏನನ್ನೂ ಬಿಡದೆ ಗಮನಿಸುವವಳೆಂದು ನನ್ನ ಬಗ್ಗೆ ನಾನೇ ತಿಳಿದಿದ್ದೆ. ನನ್ನ ಬೆನ್ನ ಹಿಂದೆ ಒಂದು ವರ್ಗವೇ ನನ್ನನ್ನು ಅಣಕಿಸಿತ್ತು, ಮುಖ್ಯಾಧ್ಯಾಪಕರು ನಕ್ಕು, ಎದುರಿಗೆ “ಪಾಠ ಛಲೋ ಆತು” ಎಂದಿದ್ದರು. ಅದೆಲ್ಲವೂ ನನಗೆ ಕಾಣದೆ ಹೋಗಿತ್ತು.

ಏಪ್ರಿಲ್, ಮೇ ತಿಂಗಳು ಹಲ್ಲುಗಳ ನಡುವೆ ಮರದ ಕಡ್ಡಿಗಳನ್ನು ಇಟ್ಟು, ದಿನಕ್ಕೊಂದು ಕಡ್ಡಿ ಹೆಚ್ಚಿಸುತ್ತ ಬಾಯಿ ತೆರೆಯುವ ಅಭ್ಯಾಸ ಮಾಡಿದೆ. ಹಿತ್ತಲಿನಲ್ಲಿ ನಿಂತು ಪ, ಬ, ಮ ಹೇಳುತ್ತಿದ್ದೆ. ಕಾಕುವಿನ ಮನೆಗೆ ಒಂದು ಶುಕ್ರವಾರ ಹೋದೆ. “ಕರಿಬೇವು ಬೇಕಾಗಿತ್ತು” ಎಂದೆ. ಅವಳು ನನ್ನ ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿ, “ದ್ಯಾಮವ್ವ ಮನಸ್ಸ ಮಾಡಿದ್ರ ಎಲುಬನೂ ಸರಿಸ್ತಾಳ ನೋಡು” ಎಂದಳು. ತಮಾಷೆ ಮಾಡುತ್ತಿದ್ದಾಳೋ, ನಿಜವಾಗಿ ನಂಬಿದ್ದಾಳೋ ಎಂಬುದು ಕೊನೆಯವರೆಗೂ ನನಗೆ ತಿಳಿಯಲಿಲ್ಲ.

ಜೂನ್ ತಿಂಗಳ ಮೊದಲ ಶನಿವಾರ ಚೀಟಿ ಹಿಡಿದು ಶಾಲೆಗೆ ಹೋದೆ. ಅವ್ವನನ್ನು ಜೊತೆಗೆ ಕರೆದುಕೊಂಡು ಹೋದೆ. ಅದು ಪ್ರೀತಿಯಿಂದಲ್ಲ, ಅವಳು ನನ್ನ ಕಣ್ಣಳತೆಯಲ್ಲಿ ಇರಬೇಕಾಗಿತ್ತು. ಕಿಟಕಿಯ ಹೊರಗೆ, ಕಲ್ಲಿನ ಮೇಲೆ ಕುಳಿತಳು. ಮುಖ್ಯಾಧ್ಯಾಪಕರು ನನ್ನನ್ನು ಗುರುತಿಸದೆ ಹೆಸರು ಕೇಳಿದರು. ಹೇಳಿದೆ. ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

ಅದೇ ಮಕ್ಕಳು, ಈಗ ಒಂದು ವರ್ಗ ಮೇಲೆ. ಪಾಠ ಶುರು ಮಾಡಿದೆ. ಹಲಗೆಯ ಮೇಲೆ ಬರೆಯುವ ಹೊತ್ತು ಬಂದಾಗ ನಾನು ಬೆನ್ನು ತಿರುಗಿಸಲಿಲ್ಲ. ಹಲಗೆಗೆ ಓರೆಯಾಗಿ ನಿಂತು, ಮುಖ ಮಕ್ಕಳ ಕಡೆ ಇಟ್ಟು, ಕೈಯನ್ನು ಮಾತ್ರ ಚಾಚಿ ಬರೆದೆ. ಅಕ್ಷರಗಳು ಸ್ವಲ್ಪ ಇಳಿಜಾರಾದವು. ಎರಡನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ನೆನಪಿನಿಂದಲೋ ರೂಢಿಯಿಂದಲೋ ಗದ್ದವನ್ನು ಮುಂದಕ್ಕೆ ಚಾಚಿದ್ದಳು. ನನ್ನ ಕಣ್ಣು ಅವಳ ಮೇಲೆ ಬಿದ್ದಾಗ ಅದು ಅಲ್ಲಿಯೇ ನಿಂತುಬಿಟ್ಟಿತು.

“ಏಳು” ಎಂದೆ. “ಈ ಸಾಲು ಓದು.”

ಹೆದರಿದ ಹುಡುಗಿ ಗದ್ದ ಒಳಗೆ ತೆಗೆದುಕೊಳ್ಳುವುದನ್ನೂ ಮರೆತು ಓದಿದಳು. ಮ ಎಂಬಲ್ಲಿ ತುಟಿಗಳು ಕೂಡಲಿಲ್ಲ. ನಾನು ಅದೇ ಶಬ್ದವನ್ನು ತುಟಿ ಕೂಡಿಸಿ ಹೇಳಿಕೊಟ್ಟೆ. ಮತ್ತೆ ಓದಿಸಿದೆ. ಮೂರನೆಯ ಸಲ ಅವಳು ಗದ್ದ ಒಳಗಿಟ್ಟು ಸರಿಯಾಗಿ ಓದಿದಳು. ಮುಂದೆ ಮೂವತ್ತು ವರ್ಷ ನಾನು ಹಲಗೆಯ ಮೇಲೆ ಹಾಗೆಯೇ, ಓರೆಯಾಗಿ ನಿಂತು ಬರೆದೆ. ಬಲಭುಜ ಇಂದಿಗೂ ಗೋಡೆ ಹುಡುಕುತ್ತದೆ.

“ಪಾಠ ಛಲೋ ಆತು” ಎಂದರು ಮುಖ್ಯಾಧ್ಯಾಪಕರು. “ಸೋಮವಾರದಿಂದ ಬರ್ರಿ.”

“ಬರದ ಕೊಡ್ರಿ” ಎಂದೆ.

“ಅಂದ್ರ?”

“ಹೋದ ವರ್ಷಾನೂ ಇದ ಮಾತ ಹೇಳಿದ್ರಿ. ಸಹಿ ಮಾಡಿ ಕೊಡ್ರಿ.”

ಬರೆದುಕೊಟ್ಟರು. ಶಾಯಿ ಆರುವವರೆಗೆ ನಾನು ಅಲ್ಲಿಯೇ ನಿಂತೆ.

ದಾರಿಯಲ್ಲಿ ಅವ್ವ ಹೇಳಿದಳು: “ಇವತ್ತ ಯಾರೂ ನಗಲಿಲ್ಲ.”

“ಒಬ್ಬಾಕಿ ಮಾಡಿದ್ಲು. ನೋಡೇನಿ.”

“ನಾನೂ ನೋಡೇನಿ” ಎಂದಳು.

ಮರುದಿನ ರವಿವಾರ. ಬರೆದ ಕಾಗದ ಟ್ರಂಕಿನಲ್ಲಿದ್ದರೂ ನಾನು ಮುಂಜಾನೆಯಿಂದ ಹೊಸ್ತಿಲ ಮೇಲೆ ಕುಳಿತೆ. ಅವ್ವ ಹೊರಗೆ ಹೋಗುವಂತಿರಲಿಲ್ಲ. ಸಂತೆಗೆ ಅಣ್ಣನನ್ನು ಕಳಿಸಿದೆ. ಅವ್ವನಿಗೆ ಎಲ್ಲ ಅರ್ಥವಾಗಿತ್ತು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಸಂಜೆಯವರೆಗೆ ಸಿಪಾಯಿ ಬರಲಿಲ್ಲ. ಊಟಕ್ಕೆ ಕುಳಿತಾಗ ಅವಳು ರೂಢಿಯಂತೆ ರೊಟ್ಟಿಯನ್ನು ಚೂರು ಮಾಡಲಿಲ್ಲ. ಬಿಸಿಯಾದ, ಮೆತ್ತನೆಯ ಇಡೀ ರೊಟ್ಟಿಯೊಂದನ್ನು ನನ್ನ ಕೈಯಲ್ಲಿಟ್ಟಳು. ನಾನು ಅಂಚನ್ನು ಮುಂದಿನ ಹಲ್ಲುಗಳ ನಡುವೆ ಹಿಡಿದು, ನಿಧಾನವಾಗಿ ಕಚ್ಚಿದೆ. ನೋವಾಯಿತು. ತುಂಡು ಬಾಯಿಗೆ ಬಂದಿತು.

ಅವ್ವ ನನ್ನ ಕೈಯಿಂದ ರೊಟ್ಟಿಯನ್ನು ತೆಗೆದುಕೊಂಡು, ದೀಪದ ಹತ್ತಿರ ಒಯ್ದು, ಅಂಚಿನಲ್ಲಿ ಮೂಡಿದ ಅರ್ಧಚಂದ್ರದಂಥ ಹಲ್ಲಿನ ಗುರುತನ್ನು ಮೇಲಿನಿಂದ ನೋಡಿದಳು, ತಿರುವಿ ಕೆಳಗಿನಿಂದ ನೋಡಿದಳು. ಮೇಲಿನ, ಕೆಳಗಿನ ಗುರುತುಗಳೆರಡೂ ಒಂದೇ ಕಡೆ ಬಂದಿದ್ದವು. ಬೆರಳಿನಿಂದ ಒಮ್ಮೆ ಮುಟ್ಟಿ, ರೊಟ್ಟಿಯನ್ನು ಮರಳಿ ನನ್ನ ತಾಟಿಗೆ ಇಟ್ಟಳು.